ಗಣಿ ಮುಚ್ಚಿತು, ನಮಸ್ಕಾರ ಉಳಿಯಿತು

ಜರ್ಮನಿಯ ರೂರ್ ಅನ್ನೋ ಕಲ್ಲಿದ್ದಲು ಸೀಮೆಯ ಎಸೆನ್‌ಗೆ ಬಂದು ನಾಲ್ಕು ವರ್ಷವಾಯ್ತು. ಪಕ್ಕದ ಮನೆಯ ಅಜ್ಜ ಮೆಟ್ಟಿಲಲ್ಲಿ ಸಿಕ್ಕರೆ ಈಗಲೂ ‘ಗ್ಲುಕ್ ಔಫ್’ ಅನ್ನುತ್ತಾರೆ. ಗಣಿಗೆ ಇಳಿಯುವವರ ನಮಸ್ಕಾರ ಅದು. ಅವರು ಇಳಿಯೋದು ಬಿಟ್ಟು ಮೂವತ್ತು ವರ್ಷವಾಗಿದೆ!

“ರೂರ್‌ಗೆ ಸ್ವಂತ ಸಂಸ್ಕೃತಿ ಎಲ್ಲಿದೆ?” ಅಂತ ಆಫೀಸಿನ ಗೆಳೆಯ ನಗುತ್ತಾನೆ. ಅವನ ಮಾತಲ್ಲೂ ಹುರುಳಿದೆ. ರೂರ್‌ನ ಊರುಗಳೇ ಬೇರೆ ಬೇರೆ ಪ್ರಾಂತ್ಯದವು: ಎಸೆನ್ ರೈನ್‌ಲ್ಯಾಂಡಿನದು, ಡಾರ್ಟ್‌ಮುಂಡ್ ವೆಸ್ಟ್‌ಫಾಲಿಯಾದ್ದು. ಇವನ್ನು ಹತ್ತಿರ ತಂದದ್ದೇ ಕಲ್ಲಿದ್ದಲು. ಆ ನಮಸ್ಕಾರವೂ ಸ್ಯಾಕ್ಸನಿ ಕಡೆಯ ಗಣಿಗಳಿಂದ ಬಂದದ್ದು. ಜನರೂ ಅಷ್ಟೇ: ಮೊದಲು ಪೋಲಿಷ್ ಮಾತಾಡುವವರು, 1961ರ ಕಾರ್ಮಿಕ ಒಪ್ಪಂದದ ಮೇಲೆ ಟರ್ಕಿಯವರು.

ಆದರೆ ಅಜ್ಜ ಹೇಳಿದ ಗಣಿಯ ಸ್ನಾನದ ಮನೆಯ ಕಥೆ ಕೇಳಿ ನಾನು ಪಕ್ಷ ಬದಲಿಸಿದೆ. ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ಸರಪಳಿ ಎಳೆದು ಚಾವಣಿಗೆ ಏರಿಸಿ ಬೀಗ ಹಾಕುತ್ತಿದ್ದರಂತೆ. ಕೆಳಗೆ ನೂರಾರು ಜನ ಮೈಮೇಲೆ ಬಟ್ಟೆ ಇಲ್ಲದೆ, ಕಪ್ಪಗೆ. ನಮ್ಮ ಬೆನ್ನು ನಮಗೆ ಎಟುಕುವುದಿಲ್ಲ ಅಲ್ವಾ? ಪಕ್ಕದಲ್ಲಿ ಯಾರಿದ್ದರೂ ಸೋಪು ಹಚ್ಚಿ ಉಜ್ಜಬೇಕು. ಅವನೂ ತಿರುಗಿ ಉಜ್ಜುತ್ತಾನೆ. “ಯಾವ ದೇಶದವನು ಅಂತ ಬೆನ್ನು ಹೇಳಲ್ಲ,” ಅಂದರು. ಹಾಗಂತ ಹೊರಗೆ ಎಲ್ಲರೂ ಅಣ್ಣತಮ್ಮಂದಿರಾಗಿದ್ದರು ಅಂತಲ್ಲ. ಟರ್ಕಿಯವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟವಿತ್ತು. ಅದನ್ನೂ ಅವರೇ ಹೇಳಿದ್ದು.

2018ರ ಡಿಸೆಂಬರ್ 21ಕ್ಕೆ ಪಕ್ಕದ ಬೋಟ್ರೋಪ್‌ನ ಕೊನೆಯ ಗಣಿಯೂ ಮುಚ್ಚಿತು. ಮೊನ್ನೆ ಇಲ್ಲಿನ ಷಾಲ್ಕೆ ಫುಟ್‌ಬಾಲ್ ತಂಡದ ಮ್ಯಾಚಿಗೆ ಹೋಗಿದ್ದೆ. ಆಟಕ್ಕೆ ಮುಂಚೆ ಇಡೀ ಮೈದಾನ ಗಣಿ ಕೆಲಸಗಾರರ ಹಾಡು ಹಾಡಿತು. ನನ್ನ ಪಕ್ಕದ ಹುಡುಗನಿಗೆ ಹತ್ತು ವರ್ಷವೂ ಇರಲಿಲ್ಲ. ಒಂದು ಸಾಲೂ ತಪ್ಪಲಿಲ್ಲ.