ನಾಸ್ಕಾರ್ ನೋಡೋಕೆ ಹೋಗ್ತೀರಾ? ಮೊದಲು ಕಿವಿಗೆ ಖರ್ಚು ಮಾಡಿ

ಅಮೆರಿಕದ ಶಾರ್ಲೆಟ್ಟಿಗೆ ಬಂದು ಒಂಬತ್ತು ವರ್ಷ ಆಗಿತ್ತು. ಮನೆಯಿಂದ ಅರ್ಧ ಗಂಟೆ ಕಾರು ಓಡಿಸಿದರೆ ಕಾನ್‌ಕಾರ್ಡ್ ಊರಿನ ದೊಡ್ಡ ರೇಸ್ ಟ್ರ್ಯಾಕು, ನಾಸ್ಕಾರ್ ಅನ್ನೋ ಕಾರ್ ರೇಸು ನಡೆಯುವ ಜಾಗ. ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಕಾರುಗಳು ಸುಮ್ನೆ ಎಡಕ್ಕೆ ತಿರುಗ್ತಾ ಇರೋದನ್ನ ನೋಡೋಕೆ ದುಡ್ಡು ಬೇರೆ ಕೊಡಬೇಕಾ ಅಂತ ನಗಾಡಿದವಳೇ ನಾನೂ.

2024ರ ಮಾರ್ಚ್ ಕೊನೆಗೆ ಅಪ್ಪ, ಅಮ್ಮ ತುಮಕೂರಿನಿಂದ ಆರು ತಿಂಗಳಿಗೆ ಬಂದರು. ಅಪ್ಪ ಮೂವತ್ತೆರಡು ವರ್ಷ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಂದ ವಾರಕ್ಕೇ ಬೇಜಾರು ಶುರುವಾಯ್ತು. ವಾಕಿಂಗ್ ಹೋದರೆ ಮಾತಾಡಿಸೋರಿಲ್ಲ, ಮಾಲು ನೋಡಿದರೆ ಮುಖ ಸಿಂಡರಿಸುತ್ತಾರೆ. ಕಾರಿನ ವಿಷಯ ಅಲ್ವಾ, ನೋಡೋಣ ಅಂತ ಏಪ್ರಿಲ್ 7ಕ್ಕೆ ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ರೇಸಿಗೆ ಮೂರು ಟಿಕೆಟ್ ತೆಗೆದೆ. ಅಪ್ಪ, ನಾನು, ಹನ್ನೊಂದು ವರ್ಷದ ಮಗ. ಅಮ್ಮ "ನಿಮ್ಮ ಹುಚ್ಚು ನಿಮಗಿರಲಿ" ಅಂದು ಮನೆಯಲ್ಲೇ ಉಳಿದಳು. ಸೆಪ್ಟೆಂಬರ್ ಹೊತ್ತಿಗೆ ನಾಲ್ಕು ರೇಸ್ ಆಗಿತ್ತು.

ಹೊಸದಾಗಿ ಹೋಗುವವರಿಗೆ ಒಂದು ಮಾತು. ನಾಸ್ಕಾರ್ ಕಪ್ ಅನ್ನೋದು ಒಂದು ಊರಿನ ಜಾತ್ರೆ ಅಲ್ಲ. ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಶುರುವಾಗಿ ನವೆಂಬರ್‌ವರೆಗೆ 36 ರೇಸ್, ಹೆಚ್ಚುಕಡಿಮೆ ಪ್ರತಿ ಭಾನುವಾರ ಒಂದೊಂದು ಊರು. ಎಲ್ಲ ಬಿಟ್ಟು ಡೇಟೋನಾ 500ಕ್ಕೇ ಮೊದಲು ಹೋಗಬೇಕು ಅಂತ ಫ್ಲಾರಿಡಾಗೆ ವಿಮಾನ ಹತ್ತಬೇಡಿ. ಅದು ಎರಡೂವರೆ ಮೈಲಿಯ ಟ್ರ್ಯಾಕು, ಕಾರು ಆಚೆ ಬದಿಗೆ ಹೋದಾಗ ಇರುವೆ ಸಾಲು ನೋಡಿದ ಹಾಗಿರುತ್ತದೆ. ಮೊದಲ ಸಲಕ್ಕೆ ಚಿಕ್ಕ ಟ್ರ್ಯಾಕೇ ಸರಿ. ಮಾರ್ಟಿನ್ಸ್‌ವಿಲ್ ಒಂದು ಸುತ್ತು ಬರೀ 0.526 ಮೈಲಿ, ಕಪ್ ಸರಣಿಯಲ್ಲೇ ಚಿಕ್ಕ ಓವಲ್, ಅಂದರೆ ಅಂಡಾಕಾರದ ಟ್ರ್ಯಾಕು. ಎಲ್ಲಿ ಕೂತರೂ ಪೂರ್ತಿ ಕಾಣುತ್ತದೆ.

ಶಾರ್ಲೆಟ್‌ನಿಂದ ಅಲ್ಲಿಗೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಐ-85ರಲ್ಲಿ ಕನ್ನಾಪೊಲಿಸ್ ಅಂತ ಬೋರ್ಡು ಬಂತು. ಅಪ್ಪ ಎದ್ದು ಕೂತರು. "ಕನ್ನಡದೋರ ಊರೇನಮ್ಮ ಇದು?" ಅಲ್ಲ. ಆದರೆ ನಾಸ್ಕಾರ್ ಜನಕ್ಕೆ ಅದೊಂದು ಪುಣ್ಯಕ್ಷೇತ್ರ. ಏಳು ಸಲ ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್ ಹುಟ್ಟಿದ ಊರು, ಅವರ ಪ್ರತಿಮೆಯೂ ಇದೆ. 2001ರ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಗೋಡೆಗೆ ಗುದ್ದಿ ತೀರಿಕೊಂಡರು. ಇವತ್ತಿಗೂ ಪಾರ್ಕಿಂಗ್ ಜಾಗದಲ್ಲಿ ಎಷ್ಟೋ ಗಾಡಿಗಳ ಹಿಂದೆ ಅವರ 3 ನಂಬರಿನ ಸ್ಟಿಕರ್ ಕಾಣುತ್ತದೆ.

ಸೀಟಿನ ವಿಷಯ. ಕ್ರಿಕೆಟ್ಟಿನ ಲೆಕ್ಕ ಇಲ್ಲಿ ನಡೆಯಲ್ಲ. ಕೆಳಗಿನ ಸಾಲು ಅಗ್ಗ, ಅಗ್ಗ ಯಾಕೆ ಅಂದರೆ ಕಣ್ಣೆದುರಿಗೆ ಬೇಲಿ. ಮೇಲೆ ಮೇಲೆ ಹೋದಷ್ಟೂ ಒಳ್ಳೇದು. ನಾವು ಗೊತ್ತಿಲ್ಲದೆ ಕೆಳಗಿನಿಂದ ಎಂಟನೇ ಸಾಲು ತೆಗೆದಿದ್ದೆವು. ನಾಲ್ಕನೇ ತಿರುವಿನ ಹತ್ತಿರ. ರೇಸ್ ಶುರುವಾಗಿ ಸ್ವಲ್ಪ ಹೊತ್ತಿಗೆ ತಲೆ ಮೇಲೆ, ಚಿತ್ರಾನ್ನದ ಡಬ್ಬಿ ಮೇಲೆ ಕಪ್ಪು ಪುಡಿ. ಸವೆದ ಟೈರಿನ ರಬ್ಬರು. ಒಂದು ತುಂಡು ಅಪ್ಪನ ಮಡಿಲಿಗೇ ಬಿತ್ತು, ಕಡಲೆಕಾಯಿ ಗಾತ್ರದ್ದು. ಬೆರಳಲ್ಲಿ ಹಿಸುಕಿದರು, ಮೂಸಿದರು, ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಆಮೇಲೆ ವಾಸನೆ ಬಂತು. ಆ ಟ್ರ್ಯಾಕಿನ ಆಕಾರ ಪೇಪರ್ ಕ್ಲಿಪ್ಪಿನ ಹಾಗೆ. ಉದ್ದಕ್ಕೆ ಬಿಟ್ಟುಕೊಂಡು ಬಂದು ಸಣ್ಣ ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಲೇಬೇಕು, ಪ್ರತಿ ಸುತ್ತಿಗೂ ಎರಡು ಸಲ. ಚಕ್ರದೊಳಗೆ ಡಿಸ್ಕ್ ಕೆಂಪಗೆ ಕಾದಿರುವುದು ಕಣ್ಣಿಗೇ ಕಾಣುತ್ತದೆ. "ಶಿರಾಡಿ ಘಾಟಿ ಇಳಿದ ಬಸ್ಸು ನಿಂತಾಗ ಬರೋ ವಾಸನೆ ಕಣಮ್ಮ ಇದು" ಅಂದರು ಅಪ್ಪ. ಮುಖದಲ್ಲಿ ಊರಿಗೆ ಹೋಗಿ ಬಂದಷ್ಟು ಖುಷಿ.

ಪಿಟ್ ಸ್ಟಾಪ್ ಬಂದಾಗಲಂತೂ ಸೀಟಿನಲ್ಲಿ ಕೂರಲೇ ಇಲ್ಲ. ಐದು ಜನ ಗೋಡೆ ಹಾರಿ ಬರುತ್ತಾರೆ. ಒಬ್ಬ ಕೈ ಜಾಕಿ ಹಿಡಿದು ಓಡಿ ಬಂದು ಕಾರನ್ನು ಎತ್ತುತ್ತಾನೆ, ನಾಲ್ಕು ಟೈರು, ಪೆಟ್ರೋಲು, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಕಾರು ಹೊರಟೇ ಹೋಯ್ತು. "ಎಷ್ಟು ನಟ್ಟು?" ಅಂದರು. ಫೋನಿನಲ್ಲಿ ಹುಡುಕಿ ಹೇಳಿದೆ. ಮುಂಚೆ ಚಕ್ರಕ್ಕೆ ಐದು ಇತ್ತು, 2022ರಲ್ಲಿ ಹೊಸ ಕಾರು ಬಂದ ಮೇಲೆ ನಡುವೆ ಒಂದೇ ದೊಡ್ಡ ನಟ್ಟು. "ಒಂದೇನಾ? ಹಂಗಾದ್ರೆ ಹತ್ತು ಸೆಕೆಂಡು ಜಾಸ್ತಿನೇ ಆಯ್ತು." ಬಸ್ಸಿನ ಚಕ್ರಕ್ಕೆ ಹತ್ತು ನಟ್ಟು ಬಿಚ್ಚಿದ ಕೈ, ಸುಮ್ಮನೆ ಒಪ್ಪುತ್ತದಾ?

ಇಷ್ಟೆಲ್ಲ ಇದ್ದರೂ ನೂರೈವತ್ತು ಸುತ್ತು ಆಗುವಷ್ಟರಲ್ಲಿ ಮಗ ಆಕಳಿಸಲು ಶುರು ಮಾಡಿದ. ನನಗೂ ಯಾರು ಮುಂದೆ, ಯಾರು ಒಂದು ಸುತ್ತು ಹಿಂದೆ ಗೊತ್ತಾಗುತ್ತಿರಲಿಲ್ಲ. ಆಗ ಹಿಂದಿನ ಸಾಲಿನ ಅಜ್ಜ ಒಬ್ಬರು ತಮ್ಮ ಹೆಡ್‌ಫೋನ್ ತೆಗೆದು ಅಪ್ಪನ ತಲೆಗೆ ಹಾಕಿದರು. ಅದು ಸ್ಕ್ಯಾನರ್. ಡ್ರೈವರ್, ಅವನ ತಂಡ ನಡೆಸುವ ಕ್ರೂ ಚೀಫ್, ಮೇಲೆ ಕಟ್ಟಡದ ನೆತ್ತಿಯಲ್ಲಿ ನಿಂತ ಸ್ಪಾಟರ್, ಈ ಮೂವರ ಮಾತು ನೇರ ಕಿವಿಗೆ ಬರುತ್ತದೆ. ಡ್ರೈವರ್‌ಗೆ ಹೆಲ್ಮೆಟ್ಟು, ಕುತ್ತಿಗೆಯ ಪಟ್ಟಿ, ಸೀಟಿನ ಅಡ್ಡಪಟ್ಟಿ ಎಲ್ಲ ಸೇರಿ ಪಕ್ಕಕ್ಕೆ ನೋಡಲಾಗಲ್ಲ. ಸ್ಪಾಟರೇ ಅವನ ಕಣ್ಣು. ಹೊರಗೆ ಒಬ್ಬ ಇದಾನೆ, ಇನ್ನೂ ಇದಾನೆ, ಬಾಲ ಅಷ್ಟೇ, ಕ್ಲಿಯರ್... ಹೀಗೆ ಉಸಿರು ಬಿಡದೆ ಹೇಳುತ್ತಲೇ ಇರುತ್ತಾನೆ.

ಆ ದಕ್ಷಿಣದ ಇಂಗ್ಲಿಷು ನನಗೇ ಅರ್ಧ ಅರ್ಥ ಆಗಲ್ಲ. ಅಪ್ಪ ಎರಡು ನಿಮಿಷ ಕೇಳಿ ಹೆಡ್‌ಫೋನ್ ಒಂದು ಬದಿ ಎತ್ತಿ ಹೇಳಿದರು: "ಕಂಡಕ್ಟರ್ ಕಣಮ್ಮ ಇವನು. ಬರ್ಲಿ, ಬರ್ಲಿ, ಹೋಲ್ಡಾನ್, ರೈಟ್ ರೈಟ್. ಅಷ್ಟೇ ಮಾತು."

ಅಲ್ಲಿಂದಾಚೆ ರೇಸೇ ಬೇರೆ ಆಯ್ತು. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಕೂತು ಕಿವಿಗೆ ಟ್ರಾನ್ಸಿಸ್ಟರ್ ಹಿಡಿದು ಕಾಮೆಂಟರಿ ಕೇಳುತ್ತಿದ್ದ ಕಾಲ ನೆನಪಿದೆಯಲ್ಲ, ಹಾಗೆ. ಅದಕ್ಕೇ ಹೇಳಿದ್ದು, ಟಿಕೆಟ್ಟಿನಲ್ಲಿ ಉಳಿಸಿ, ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ. ಟ್ರ್ಯಾಕಿನ ಹೊರಗೇ ಕೊಡುತ್ತಾರೆ. ಒಂದು ಪೆಟ್ಟಿಗೆಗೆ ಎರಡು ಹೆಡ್‌ಫೋನ್ ಹಾಕಬಹುದು, ಅದಕ್ಕೊಂದು ಸಣ್ಣ ಜೋಡಣೆ ವೈರು ಕೇಳಿ. ಬ್ಯಾಟರಿ ಅಲ್ಲೇ ಪರೀಕ್ಷೆ ಮಾಡಿ. ಮೇ ತಿಂಗಳಲ್ಲಿ ನಮಗೆ ಕೊಟ್ಟಿದ್ದು ಎರಡೇ ಗಂಟೆಗೆ ಕಣ್ಮುಚ್ಚಿತು. ವಾಪಸ್ ಹೋದರೆ ಅಂಗಡಿಯವರು ಭುಜ ಕುಣಿಸಿದರು. ಆಮೇಲಿಂದ ಬ್ಯಾಗಿನಲ್ಲಿ ಬದಲಿ ಸೆಲ್ಲು ಇಟ್ಟುಕೊಂಡೇ ಹೋಗುತ್ತಿದ್ದೆವು. ನಾಸ್ಕಾರ್ ಆ್ಯಪಿನಲ್ಲೂ ಈ ಮಾತು ಕೇಳಬಹುದು, ಆದರೆ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ನಂಬಬೇಡಿ. ಇದೆಲ್ಲ ಬೇಡ ಅಂದರೂ ಕಿವಿಗೆ ಸ್ಪಂಜಿನ ಬಿರಡೆ ಬೇಕೇ ಬೇಕು. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಮಫ್. ಹತ್ತಿ ಸಾಕು ಅಂದುಕೊಂಡರೆ ರಾತ್ರಿಯೆಲ್ಲ ಗುಂಯ್ ಅನ್ನುತ್ತಿರುತ್ತದೆ.

ಅವತ್ತು ವಿಲಿಯಮ್ ಬೈರನ್ ಗೆದ್ದ. ಶಾರ್ಲೆಟ್ ಹುಡುಗ. ಅವನ ಹೆಂಡ್ರಿಕ್ ತಂಡಕ್ಕೆ 40ನೇ ವರ್ಷ, ಇದೇ ಟ್ರ್ಯಾಕಿನಲ್ಲಿ 1984ರಲ್ಲಿ ಅವರು ಮೊದಲ ಸಲ ಗೆದ್ದದ್ದು. ನಾವು ನೋಡಿದ ದಿನ ಮೊದಲ ಮೂರೂ ಜಾಗ ಅವರದೇ. ಗೆದ್ದವನಿಗೆ ಇಲ್ಲಿ ನೆಲದ ಮೇಲೆ ನಿಲ್ಲಿಸುವ ಆಳೆತ್ತರದ ಗಡಿಯಾರ ಕೊಡುತ್ತಾರೆ, 1964ರಿಂದ ಬಂದ ಪದ್ಧತಿ.

ಊಟದ ವಿಷಯದಲ್ಲಿ ನಾಸ್ಕಾರ್ ನಮ್ಮಂಥವರಿಗೆ ದೇವರು ಕೊಟ್ಟ ವರ. ಬೇರೆ ಆಟಗಳ ಎಷ್ಟೋ ಸ್ಟೇಡಿಯಮ್ಮಿಗೆ ನೀರಿನ ಬಾಟಲಿ ಒಯ್ಯಲೂ ಬಿಡಲ್ಲ, ಇಲ್ಲಿ ಬುತ್ತಿ ಕಟ್ಟಿಕೊಂಡು ಹೋಗಬಹುದು. 14 ಇಂಚಿನ ಮೆತ್ತನೆಯ ಕೂಲರ್ ಬ್ಯಾಗು, ಗಾಜಿನದ್ದು ಏನೂ ಇರಬಾರದು. ಒಂದೊಂದು ಟ್ರ್ಯಾಕಿಗೆ ಒಂದೊಂದು ನಿಯಮ, ಹೊರಡುವ ಮುಂಚೆ ಅವರ ಸೈಟ್ ನೋಡಿಕೊಳ್ಳಿ. ಪುಳಿಯೋಗರೆ, ಮೊಸರನ್ನ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಗೇಟು ದಾಟಿತು. ಮಾರ್ಟಿನ್ಸ್‌ವಿಲ್‌ನ ಹಾಟ್‌ಡಾಗ್ ಬಹಳ ಫೇಮಸ್ಸು, ಮಗ ಮೂರು ತಿಂದ. ಸಸ್ಯಾಹಾರಿಗಳಿಗೆ ಒಳಗೆ ಆಲೂ ಫ್ರೈಸೇ ಗತಿ. ಮಕ್ಕಳ ಟಿಕೆಟ್ಟಿಗೆ ರಿಯಾಯಿತಿ ಇದೆಯಾ ಅಂತ ಕೇಳಿ. ನಾವು ಮಗನಿಗೆ ಕೊಟ್ಟಿದ್ದು ಬರೀ 10 ಡಾಲರ್.

ಇನ್ನು ಮಳೆ. ಇದು ನಾವು ಪೆಟ್ಟು ತಿಂದು ಕಲಿತ ಪಾಠ.

ಮೇ 26, ಕೋಕಾ-ಕೋಲಾ 600. ನಮ್ಮೂರಿನದೇ ರೇಸು, 400 ಸುತ್ತು, ಸೀಸನ್ನಿನಲ್ಲೇ ಉದ್ದದ್ದು. ಸಂಜೆ ಬಿಸಿಲಲ್ಲಿ ಶುರುವಾಗಿ ದೀಪದ ಬೆಳಕಲ್ಲಿ ಮುಗಿಯುತ್ತದೆ. ಮೆಮೋರಿಯಲ್ ಡೇ ವಾರಾಂತ್ಯ ಆದ್ದರಿಂದ ಪ್ರತಿ ಕಾರಿನ ಗಾಜಿನ ಮೇಲೂ ಡ್ರೈವರ್ ಹೆಸರಿನ ಬದಲು ಯುದ್ಧದಲ್ಲಿ ಸತ್ತ ಒಬ್ಬೊಬ್ಬ ಸೈನಿಕನ ಹೆಸರು. ಆ ವರ್ಷದ ದೊಡ್ಡ ಸುದ್ದಿ ಕೈಲ್ ಲಾರ್ಸನ್. ಅದೇ ದಿನ ಹಗಲು ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿ, ರಾತ್ರಿ ಇಲ್ಲಿ 600 ಮೈಲಿ ಓಡಿಸುವ ಹಟ. ಅಲ್ಲಿ ಮಳೆ ಬಂದು ರೇಸ್ ಗಂಟೆಗಟ್ಟಲೆ ತಡವಾಯ್ತು. ಇಲ್ಲಿ ಅವನ 5 ನಂಬರ್ ಕಾರನ್ನು ಜಸ್ಟಿನ್ ಆಲ್‌ಗೈಯರ್ ಹೊರಡಿಸಿದ. ನಾವೆಲ್ಲ ಆಕಾಶ ನೋಡುತ್ತಾ ಕೂತೆವು. ಕೊನೆಗೂ ಅವನು ವಿಮಾನ, ಹೆಲಿಕಾಪ್ಟರ್ ಹಿಡಿದು ಬಂದು, ಹೆಲ್ಮೆಟ್ ಹಾಕಿ ಪಿಟ್ಟಿನಲ್ಲಿ ನಿಂತ. ಅಷ್ಟರಲ್ಲಿ ಇಲ್ಲಿಗೂ ಮಳೆ ಬಂತು! 249ನೇ ಸುತ್ತು. ಒಂದು ಸುತ್ತೂ ಓಡಿಸಲಿಲ್ಲ ಪಾಪ.

ಮಳೆ ನಿಂತಿತು, ಒಣಗಿಸುವ ಗಾಡಿಗಳು ಸುತ್ತಿದವು, ಮಗ ನನ್ನ ತೊಡೆ ಮೇಲೆ ನಿದ್ದೆ ಹೋದ. ರಾತ್ರಿ ಹನ್ನೊಂದು ದಾಟಿದ ಮೇಲೆ ಅನೌನ್ಸ್ ಮಾಡಿದರು: ಗಾಳಿಯಲ್ಲಿ ತೇವ ಜಾಸ್ತಿ, ಟ್ರ್ಯಾಕ್ ಒಣಗಲ್ಲ, ರೇಸ್ ಮುಗಿಯಿತು. ಆಗ ಮುಂದಿದ್ದ ಕ್ರಿಸ್ಟಫರ್ ಬೆಲ್ ಗೆದ್ದಂತೆ. ಟಿಕೆಟ್ ದುಡ್ಡು? ಅರ್ಧ ದಾಟಿದರೆ ರೇಸ್ ಆದಂತೆಯೇ ಲೆಕ್ಕ, ವಾಪಸ್ ಇಲ್ಲ. ಇಂಥ ಇಳಿಜಾರು ಕಟ್ಟಿದ ದೊಡ್ಡ ಓವಲ್‌ನಲ್ಲಿ ಒದ್ದೆ ಇದ್ದರೆ ಓಡಿಸುವುದೇ ಇಲ್ಲ. ಹಾಗಾಗಿ ದೂರದಿಂದ ಬರುವವರು ಸೋಮವಾರವೂ ರಜೆ ಹಾಕಿಯೇ ಬನ್ನಿ. ಅರ್ಧಕ್ಕೆ ಮುಂಚೆ ಮಳೆ ಬಂದು ನಿಲ್ಲದಿದ್ದರೆ ರೇಸ್ ಮರುದಿನಕ್ಕೆ ಹೋಗುತ್ತದೆ. ಛತ್ರಿ ಬಿಡಿಸಿದರೆ ಹಿಂದಿನವರು ಬೈತಾರೆ, ರೇನ್‌ಕೋಟ್ ಇರಲಿ.

ಕೇಳುತ್ತಾರೆ ಅಂತ ಹೇಳುತ್ತಿದ್ದೇನೆ, ನಮ್ಮ ಬಣ್ಣದವರಿಗೆ ಅಲ್ಲಿ ಹೇಗೆ? ಜನಸಾಗರದಲ್ಲಿ ನಮ್ಮವರು ಬೆರಳೆಣಿಕೆ, ಅದು ನಿಜ. ಗುಲಾಮಗಿರಿಯ ಕಾಲದ ಕಾನ್ಫೆಡರೇಟ್ ಬಾವುಟವನ್ನು ನಾಸ್ಕಾರ್ 2020ರಲ್ಲೇ ಟ್ರ್ಯಾಕಿನೊಳಗೆ ನಿಷೇಧಿಸಿದೆ. ಹೊರಗೆ ರಸ್ತೆ ಬದಿಯ ಮನೆಗಳ ಮುಂದೆ ಅಲ್ಲೊಂದು ಇಲ್ಲೊಂದು ಕಂಡೆ, ಹೊಟ್ಟೆಯೊಳಗೆ ಚುರ್ ಅಂದಿತು. ಒಳಗೆ ನಮಗೆ ಸಿಕ್ಕಿದ್ದು ಮಾತ್ರ ಆ ಹೆಡ್‌ಫೋನ್ ಅಜ್ಜನಂಥವರೇ.

ಸೆಪ್ಟೆಂಬರ್ 1ರ ಡಾರ್ಲಿಂಗ್ಟನ್ ಬಗ್ಗೆ ಜಾಸ್ತಿ ಹೇಳಲ್ಲ. ಸಂಜೆ ರೇಸಾದರೂ ಸೌತ್ ಕ್ಯಾರೊಲೈನಾದ ಆ ಸೆಕೆಗೆ ವಯಸ್ಸಾದವರನ್ನು ಕರೆದೊಯ್ಯುವ ಮುಂಚೆ ಎರಡು ಸಲ ಯೋಚಿಸಿ. ಒಂದು ಕತೆ ಮಾತ್ರ ಅಪ್ಪನಿಗೆ ಬಹಳ ಹಿಡಿಸಿತು. ಟ್ರ್ಯಾಕಿನ ಒಂದು ತುದಿ ಅಗಲ, ಇನ್ನೊಂದು ಕಿರಿದು, ಮೊಟ್ಟೆಯ ಹಾಗೆ. ಜಾಗದ ಮಾಲೀಕರ ಮೀನಿನ ಹೊಂಡ ಮುಟ್ಟಬಾರದು ಅಂತ ಮಾತಾಗಿತ್ತಂತೆ, ಅದಕ್ಕೇ ಒಂದು ಬದಿ ಒತ್ತಿ ಕಟ್ಟಿದ್ದು. 1950ರಿಂದ ಡ್ರೈವರ್‌ಗಳು ಆ ತಿರುವಿಗೆ ಬಯ್ಯುತ್ತಾ ಗೋಡೆಗೆ ಉಜ್ಜುತ್ತಲೇ ಇದ್ದಾರೆ. "ಬೆಂಗಳೂರಲ್ಲಿ ಆಗಿದ್ರೆ ಹೊಂಡ ಮುಚ್ಚಿ ಟ್ರ್ಯಾಕು ನೆಟ್ಟಗೆ ಮಾಡಿರೋರು" ಅಂದರು.

ಒಂದೇ ರೇಸಿಗೆ ಹೋಗಲು ಸಾಧ್ಯ ಅನ್ನುವವರು ಕಣ್ಣು ಮುಚ್ಚಿ ಬ್ರಿಸ್ಟಲ್ ರಾತ್ರಿ ರೇಸಿಗೆ ಹೋಗಿ. ಟೆನೆಸ್ಸಿಯ ಬೆಟ್ಟಗಳ ನಡುವೆ ದೊಡ್ಡ ಬಟ್ಟಲು ಇಟ್ಟ ಹಾಗೆ ಕ್ರೀಡಾಂಗಣ, ತಳದಲ್ಲಿ ಅರ್ಧ ಮೈಲಿಯ ಕಾಂಕ್ರೀಟ್ ಟ್ರ್ಯಾಕು. ಸದ್ದು ಹೊರಗೆ ಹೋಗಲು ದಾರಿಯೇ ಇಲ್ಲ, ಎದೆಯೊಳಗೆ ಡೊಳ್ಳು ಬಡಿದಂತೆ. ಸೆಪ್ಟೆಂಬರ್ 21ರಂದು ನಾವು ನೋಡಿದ ರೇಸಿನಲ್ಲಿ ಪೈಪೋಟಿಯೇ ಇರಲಿಲ್ಲ. 500 ಸುತ್ತಿನಲ್ಲಿ 462 ಸುತ್ತು ಲಾರ್ಸನ್ನೇ ಮುಂದೆ. ಆದರೂ ಬೇಜಾರಾಗಲಿಲ್ಲ, ಅವನ ಸ್ಪಾಟರ್ ಮಾತೇ ಕೇಳುತ್ತಿದ್ದೆವು. ಮೆಟ್ಟಿಲು ಬಹಳ ಕಡಿದು. ಅಪ್ಪನ ಮಂಡಿಗೆ ಏಳೆಂಟು ಸಲ ನಿಲ್ಲಬೇಕಾಯ್ತು, ಗೇಟು ತೆರೆದ ಕೂಡಲೇ ಒಳಗೆ ಹೋಗಿದ್ದು ಒಳ್ಳೇದಾಯ್ತು. ಬೂನ್ ಅನ್ನೋ ಊರಿನ ಮೇಲೆ ಹಾದು ಹೋಗುವ ಘಟ್ಟದ ದಾರಿಯಲ್ಲಿ ಹೋದೆವು. ರೇಸ್ ಮುಗಿಸಿ ನಡುರಾತ್ರಿ ಆ ದಾರಿ ಇಳಿಯಬೇಡಿ, ಜಾನ್ಸನ್ ಸಿಟಿಯಲ್ಲಿ ರೂಮು ತಿಂಗಳುಗಳ ಮುಂಚೆ ಹಿಡಿದಿಡಿ. ಮುಗಿದ ತಕ್ಷಣ ಕಾರು ತೆಗೆಯಲೂ ಬೇಡಿ. ಡಿಕ್ಕಿ ತೆರೆದು ಮೊಸರನ್ನ ತಿನ್ನುತ್ತಾ ಒಂದು ಗಂಟೆ ಕೂತರೆ ಟ್ರಾಫಿಕ್ ತಾನಾಗೇ ಕರಗುತ್ತದೆ. ಆರು ದಿನ ಕಳೆದು ಹೆಲೀನ್ ಚಂಡಮಾರುತ ಬಂದು ಆ ಬೆಟ್ಟದ ಊರುಗಳನ್ನೆಲ್ಲ ಮುಳುಗಿಸಿತು. ಅಪ್ಪ, ಅಮ್ಮ ವಿಮಾನ ಹತ್ತಿ ಎರಡೇ ದಿನವಾಗಿತ್ತು.

ನವೆಂಬರ್ 11ರ ಬೆಳಗ್ಗೆ ತುಮಕೂರಿನಿಂದ ಫೋನು. "ಲಾರ್ಸನ್ ಏನಾದ?" ಹಿಂದಿನ ದಿನ ಫೀನಿಕ್ಸ್‌ನಲ್ಲಿ ಕೊನೆಯ ರೇಸು ಮುಗಿದಿತ್ತು. ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಆ ವರ್ಷದ ಪ್ಲೇಆಫ್ ಲೆಕ್ಕ ವಿವರಿಸಿದೆ: 16 ಜನರಿಂದ ಶುರುವಾಗಿ, ಮೂರು ಮೂರು ರೇಸಿಗೆ ನಾಲ್ಕು ನಾಲ್ಕು ಜನ ಮನೆಗೆ, ಉಳಿದ ನಾಲ್ವರಲ್ಲಿ ಕೊನೆಯ ದಿನ ಯಾರು ಮುಂದೋ ಅವರೇ ಚಾಂಪಿಯನ್. ಜೋಯಿ ಲೊಗಾನೊ ಗೆದ್ದ, ಮೂರನೇ ಸಲ. ಲಾರ್ಸನ್ ಆ ನಾಲ್ವರಲ್ಲಿ ಇರಲೇ ಇಲ್ಲ.

"ಈ ವರ್ಷ ಜಾಸ್ತಿ ರೇಸ್ ಗೆದ್ದಿದ್ದು ಅವನೇ ಅಲ್ವಾ? ಆರು?"

"ಹೂಂ ಅಪ್ಪ, ಆರು."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಮ್ಮನ ದನಿ, ದೇವರ ಮನೆ ಕಪಾಟಿನಿಂದ ಆ ಟೈರಿನ ಚೂರು ಮೊದಲು ತೆಗೀರಿ ಅಂತ.