ಬಿಲ್ ಮನ್ಸಿ ಮತ್ತು ತೆರೆದ ಕಾಕ್‌ಪಿಟ್

18 ಅಕ್ಟೋಬರ್ 2024, ಶುಕ್ರವಾರ
ನವನಗರ, ಬಾಗಲಕೋಟೆ

ಬಿಲ್ ಮನ್ಸಿ ತೀರಿಕೊಂಡು ಇಂದಿಗೆ 43 ವರ್ಷಗಳಾದವು. ಘಟಪ್ರಭೆಯ ಹಿನ್ನೀರಿನಲ್ಲಿ ಮೀನುಗಾರರ ಎಂಜಿನ್ ದೋಣಿಗಿಂತ ವೇಗವಾದದ್ದನ್ನು ಕಾಣದ ನಮ್ಮೂರಿನಲ್ಲಿ ಈ ಅಮೆರಿಕದ ಪವರ್‌ಬೋಟ್ ಓಟಗಾರನ ಹೆಸರು ಕೇಳಿದವರು ಸಿಗುವುದು ಅಪರೂಪ. ಎಂಜಿನ್ನುಗಳ ಪಾಠ ಹೇಳುತ್ತಲೇ ನೌಕರಿ ಮುಗಿಸಿದ ನನಗೂ ಮೊದಲು ಪರಿಚಯವಾದದ್ದು ಅವನಲ್ಲ, ಅವನ ದೋಣಿಯಲ್ಲಿದ್ದ ಎಂಜಿನ್. ಎರಡನೆಯ ಮಹಾಯುದ್ಧದ ಕಾದಾಟದ ವಿಮಾನಗಳಿಗೆಂದು ತಯಾರಾದ ಆಲಿಸನ್ ಮತ್ತು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನುಗಳು ಯುದ್ಧ ಮುಗಿದ ಮೇಲೆ ಹೆಚ್ಚುವರಿಯಾಗಿ ಉಳಿದವು. ಅವನ್ನು ಕೊಂಡು ದೋಣಿಗೆ ಕೂಡಿಸಿದ ಸಾಹಸಿಗಳಿಂದಲೇ ಅನ್‌ಲಿಮಿಟೆಡ್ ಹೈಡ್ರೋಪ್ಲೇನ್ ಓಟಕ್ಕೆ ಅದರ ದೊಡ್ಡ ಕಾಲ ಬಂದಿತು. ಎಂಜಿನ್ನಿನ ಬೆನ್ನು ಹತ್ತಿ ಓದುತ್ತ ಹೋದಾಗ ಸಿಕ್ಕವನು ಮನ್ಸಿ.

ಹೈಡ್ರೋಪ್ಲೇನ್ ಎಂದರೆ ನೀರಿನಲ್ಲಿ ಮುಳುಗಿ ಸಾಗುವ ದೋಣಿಯಲ್ಲ. ಅದರ ಮುಂಭಾಗದ ಎಡಬಲಗಳಲ್ಲಿ ಸ್ಪಾನ್ಸನ್ ಎಂಬ ಎರಡು ಚಾಚುಗಳಿರುತ್ತವೆ. ವೇಗ ಹಿಡಿದಾಗ ಆ ಎರಡರ ತುದಿ ಮತ್ತು ಹಿಂದಿನ ಪ್ರೊಪೆಲ್ಲರ್, ಹೀಗೆ ಮೂರೇ ಕಡೆ ಅದು ನೀರನ್ನು ಮುಟ್ಟುತ್ತದೆ. ಪ್ರೊಪೆಲ್ಲರ್ ಕೂಡ ಅರ್ಧ ಮಾತ್ರ ನೀರಿನಲ್ಲಿ ತಿರುಗುತ್ತದೆ. ಉಳಿದ ಭಾರವನ್ನೆಲ್ಲ ತಳದಡಿಯಲ್ಲಿ ಸಿಕ್ಕಿಕೊಂಡ ಗಾಳಿ ಎತ್ತಿ ಹಿಡಿಯುತ್ತದೆ. ಮೂರು ಟನ್ನಿನ ಆಸುಪಾಸಿನ ಈ ದೋಣಿಗಳು ಇಂದು ನೇರ ಹಾದಿಯಲ್ಲಿ ಗಂಟೆಗೆ 320 ಕಿಲೋಮೀಟರಿನ ಹತ್ತಿರ ಹೋಗುವುದು ನೀರಿನಿಂದ ಬಿಡಿಸಿಕೊಂಡಿರುವುದರಿಂದಲೇ.

ಮನ್ಸಿ 1928ರಲ್ಲಿ ಮಿಶಿಗನ್ನಿನಲ್ಲಿ ಹುಟ್ಟಿದವನು. ಡೆಟ್ರಾಯಿಟ್ ನದಿಯ ಓಟಗಳ ಸೀಮೆಯವನು. ಹೆಸರು ಮಾಡಿದ್ದು ಮಾತ್ರ ಪಶ್ಚಿಮ ತೀರದ ಸಿಯಾಟಲ್‌ನ ‘ಮಿಸ್ ಥ್ರಿಫ್ಟ್‌ವೇ’ ದೋಣಿಯಲ್ಲಿ. ಅದು ಕಿರಾಣಿ ಅಂಗಡಿಗಳ ಸರಣಿಯೊಂದರ ಹೆಸರು. ಆಮೇಲೆ ಅವನು ಮನೆ ಸಾಮಾನು ಸಾಗಿಸುವ ಕಂಪನಿಯ ಹೆಸರಿನ ದೋಣಿಯನ್ನು ಓಡಿಸಿದ. ಅವನ ಬದ್ಧ ಎದುರಾಳಿಯದು ಬಿಯರ್ ಕಂಪನಿಯ ಹೆಸರು. ಜೀವ ಪಣಕ್ಕಿಟ್ಟು ಆಡುವ ಆಟಕ್ಕೆ ಇಂಥ ಹೆಸರುಗಳು ಅಂಟಿಕೊಂಡಿರುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

1904ರಲ್ಲಿ ಆರಂಭವಾದ ಗೋಲ್ಡ್ ಕಪ್ ಈ ಆಟದ ಅತಿ ದೊಡ್ಡ ಪ್ರಶಸ್ತಿ. ಮನ್ಸಿ ಅದನ್ನು 1956 ಮತ್ತು 1957ರಲ್ಲಿ ಸಾಲಾಗಿ ಗೆದ್ದ. 1958ರಲ್ಲಿ ಅದೇ ಗೋಲ್ಡ್ ಕಪ್‌ನಲ್ಲಿ ಚುಕ್ಕಾಣಿ ಕೈಕೊಟ್ಟು, ಅವನ ದೋಣಿ ಕಾವಲಿಗೆ ನಿಂತಿದ್ದ ಕರಾವಳಿ ರಕ್ಷಣಾ ಪಡೆಯ ದೋಣಿಗೆ ಅಪ್ಪಳಿಸಿ, ಎರಡೂ ಮುಳುಗಿದವು. ಮನ್ಸಿ ಬದುಕಿಕೊಂಡ. 1961 ಮತ್ತು 1962ರಲ್ಲಿ ಮತ್ತೆರಡು ಗೋಲ್ಡ್ ಕಪ್ ಬಂದವು. ಅಲ್ಲಿಂದ ಮುಂದಿನ ಗೋಲ್ಡ್ ಕಪ್ಪಿಗೆ ಹತ್ತು ವರ್ಷ ಹಿಡಿಯಿತು. ಅವನ ಬಗ್ಗೆ ಮಾತನಾಡುವವರು ಗೆಲುವುಗಳನ್ನು ಎಣಿಸುತ್ತಾರೆ. ನನ್ನ ಗಮನ ಮಾತ್ರ ಈ ಹತ್ತು ವರ್ಷಗಳ ಮೇಲೆಯೇ ನಿಲ್ಲುತ್ತದೆ. ದೋಣಿ ಬದಲಾಯಿತು, ಮಾಲೀಕರು ಬದಲಾದರು, ಎದುರಿಗೆ ಕಿರಿಯರು ಬಂದರು. ಬೇರೆಯವನಾಗಿದ್ದರೆ ಹಳೆಯ ಹೆಸರಿನ ಮೇಲೆ ಬದುಕಿಬಿಡುತ್ತಿದ್ದ. 1972ರಲ್ಲಿ, 43ನೆಯ ವಯಸ್ಸಿನಲ್ಲಿ, ‘ಅಟ್ಲಾಸ್ ವ್ಯಾನ್ ಲೈನ್ಸ್’ ದೋಣಿಯಲ್ಲಿ ಅವನು ಆ ಸಾಲಿನ ಏಳು ಓಟಗಳಲ್ಲಿ ಆರನ್ನು ಗೆದ್ದ. ಗೋಲ್ಡ್ ಕಪ್ ಕೂಡ ಅದರಲ್ಲಿ ಸೇರಿತ್ತು.

ಹಿರಿಯ ಓಟಗಾರನಿಗೆ ಈ ಆಟದಲ್ಲಿ ಜಾಗವಿರುವುದಕ್ಕೆ ಕಾರಣ ಅದರ ಆರಂಭದ ಪದ್ಧತಿಯಲ್ಲಿದೆ. ಇಲ್ಲಿ ದೋಣಿಗಳು ನಿಂತಲ್ಲಿಂದ ಹೊರಡುವುದಿಲ್ಲ. ಎಲ್ಲವೂ ಮೊದಲೇ ನೀರಿನಲ್ಲಿ ಸುತ್ತುತ್ತಿರುತ್ತವೆ. ದೊಡ್ಡ ಗಡಿಯಾರದ ಮುಳ್ಳು ಸೊನ್ನೆಗೆ ಬರುವ ಕ್ಷಣದಲ್ಲಿ ಪೂರ್ಣ ವೇಗದೊಂದಿಗೆ ಗೆರೆ ದಾಟಬೇಕು. ಒಂದು ಕ್ಷಣ ಮೊದಲು ದಾಟಿದರೆ ದಂಡ, ತಡವಾದರೆ ಮುಂದಿನ ದೋಣಿಗಳು ಎಬ್ಬಿಸಿದ ನೀರಿನ ಗೋಡೆಯೊಳಗೆ ಕಣ್ಣು ಕಾಣದೆ ಓಡಬೇಕು. ಗಡಿಯಾರ, ದೂರ, ಪಕ್ಕದವನ ಮನಸ್ಸು, ಈ ಮೂರನ್ನೂ ಒಟ್ಟಿಗೆ ಓದುವುದು ಇಪ್ಪತ್ತೈದರ ಹುಡುಗನಿಗಿಂತ ನಲವತ್ತೈದರವನಿಗೆ ಚೆನ್ನಾಗಿ ಬರುತ್ತದೆ. ಅಂಕಗಳ ಲೆಕ್ಕವೂ ಹಾಗೆಯೇ: ಒಂದು ಹೀಟ್‌ನಲ್ಲಿ, ಅಂದರೆ ಪಂದ್ಯದೊಳಗಿನ ಒಂದು ಬಿಡಿ ಓಟದಲ್ಲಿ, ಮೊದಲು ಬಂದವನಿಗೆ 400, ಎರಡನೆಯವನಿಗೆ 300, ಮೂರನೆಯವನಿಗೆ 225. ಎಲ್ಲಿ ಎರಡನೆಯ ಸ್ಥಾನ ಸಾಕು, ಎಲ್ಲಿ ಎಂಜಿನ್ ಉಳಿಸಿಕೊಳ್ಳಬೇಕು ಎಂಬುದು ಕಾಲಿಗಿಂತ ತಲೆಗೆ ಸೇರಿದ ಕೆಲಸ.

1976ರಲ್ಲಿ ಮನ್ಸಿ ‘ಪೇ ಎನ್ ಪ್ಯಾಕ್’ ತಂಡದ ದೋಣಿ, ಸಾಮಗ್ರಿಗಳನ್ನು ತಾನೇ ಕೊಂಡು, ಚಾಲಕನ ಜೊತೆಗೆ ಮಾಲೀಕನೂ ಆದ. ಮರುವರ್ಷ ಜಿಮ್ ಲುಸೆರೊ ವಿನ್ಯಾಸದ ಹೊಸ ನೀಲಿ ದೋಣಿ ಬಂದಿತು. ಹಳೆಯ ದೋಣಿಗಳಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ ಇರುತ್ತಿದ್ದರು. ಇದರಲ್ಲಿ ಚಾಲಕ ಎಂಜಿನ್ನಿಗಿಂತ ಮುಂದೆ ಕೂರುತ್ತಿದ್ದ. 1977, 1978, 1979, ಮೂರು ವರ್ಷವೂ ಗೋಲ್ಡ್ ಕಪ್ ಆ ದೋಣಿಯದೇ. ಒಟ್ಟು ಎಂಟು ಆದವು; ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 23 ವರ್ಷಗಳ ಅಂತರ. ಕೊನೆಯದನ್ನು ಗೆದ್ದಾಗ ಅವನಿಗೆ ಐವತ್ತು.

1981ರ ಅಕ್ಟೋಬರ್ 18ರಂದು ಮೆಕ್ಸಿಕೋದ ಅಕಾಪುಲ್ಕೊದಲ್ಲಿ ಅಂತಿಮ ಹೀಟ್ ನಡೆದಿದ್ದಾಗ ಅದೇ ನೀಲಿ ದೋಣಿಯ ಮೂತಿ ಮೇಲೆದ್ದು, ದೋಣಿ ಹಿಂದಕ್ಕೆ ಮಗುಚಿ ತಲೆಕೆಳಗಾಗಿ ನೀರಿಗೆ ಬಿದ್ದಿತು. ಚಾಲಕ ಕೂರುವ ಕಾಕ್‌ಪಿಟ್ಟಿಗೆ ಮೇಲ್ಮುಚ್ಚಳವೇ ಇರಲಿಲ್ಲ.

ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಬೆಳಿಗ್ಗೆ ಬಂದವನು ಇದನ್ನು ಕೇಳಿ, “ಕಾಕಾ, ಅಷ್ಟ್ ವರ್ಷ ಅನುಭವ ಇದ್ದಾಂವಗ ದೋಣಿ ಏಳಾಕತ್ತೈತಿ ಅಂತ ತಿಳೀಲಿಲ್ಲೇನು?” ಎಂದ. ತಿಳಿದಿರಬಹುದು, ತಿಳಿದು ಮಾಡುವುದಕ್ಕೆ ಸಮಯವಿರುವುದಿಲ್ಲ. ಮುಂಗಾರಿನ ಗಾಳಿಗೆ ಮಾಳಿಗೆಯ ತಗಡು ಒಂದು ಅಂಚಿನಲ್ಲಿ ಎದ್ದಿತೆಂದರೆ, ನಾವು ಕಲ್ಲು ಹುಡುಕುವಷ್ಟರಲ್ಲಿ ಅದು ಓಣಿಯಲ್ಲಿ ಬಿದ್ದಿರುತ್ತದೆ. ಮೂತಿ ಎದ್ದಷ್ಟೂ ಚಪ್ಪಟೆ ತಳ ಗಾಳಿಗೆ ಹೆಚ್ಚು ಒಡ್ಡಿಕೊಳ್ಳುತ್ತದೆ, ಒಡ್ಡಿಕೊಂಡಷ್ಟೂ ಮೂತಿ ಏಳುತ್ತದೆ. ದೋಣಿಗೆ ವೇಗ ಕೊಡುವ ಗಾಳಿಯೇ ಅದನ್ನು ಮಗುಚುವ ಗಾಳಿ. 62 ಓಟಗಳನ್ನು ಗೆದ್ದ ಕೈಗೂ ಅಲ್ಲಿ ಕೆಲಸವಿಲ್ಲ.

ಅನುಭವದ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಹಿನ್ನೀರಿನ ದೋಣಿಯವನೊಬ್ಬ ಜೀವರಕ್ಷಕ ಜಾಕೆಟ್ಟನ್ನು ಮಡಚಿ ಕೂರುವ ಮೆತ್ತೆಯಾಗಿಸಿಕೊಂಡಿದ್ದಾನೆ, ಕೇಳಿದರೆ, “ಸಣ್ಣಾಂವಿದ್ದಾಗಿಂದ ನೀರಾಗ ಅದೀನ್ರಿ ಸರ, ನನಗ್ಯಾಕ ಅದು?” ಎನ್ನುತ್ತಾನೆ. ಅನುಭವ ಅಪಾಯವನ್ನು ದೂರವಿಡಬಲ್ಲದು, ಆದರೆ ಅಪಾಯ ಬಂದೇಬಿಟ್ಟಾಗ ಮೈಗೆ ಕವಚವಾಗಲಾರದು.

ಮರುವರ್ಷ, 1982ರ ಜುಲೈನಲ್ಲಿ, ಬಿಯರ್ ಕಂಪನಿಯ ಹೆಸರಿನ ‘ಮಿಸ್ ಬಡ್‌ವೈಸರ್’ ದೋಣಿಯ ನುರಿತ ಚಾಲಕ ಡೀನ್ ಚೆನೊವೆತ್ ಕೂಡ ಅಮೆರಿಕದ ಕೊಲಂಬಿಯಾ ನದಿಯಲ್ಲಿ ದೋಣಿ ಹೀಗೆಯೇ ಮಗುಚಿ ಸತ್ತ. ಒಂದು ವರ್ಷದೊಳಗೆ ಇಬ್ಬರು ಅಗ್ರಗಣ್ಯರು ಹೋದ ಮೇಲೆ ಆಟ ಎಚ್ಚೆತ್ತುಕೊಂಡಿತು. ಎಫ್-16 ಯುದ್ಧವಿಮಾನದ ಪಾರದರ್ಶಕ ಮುಚ್ಚಳವನ್ನೇ ತಂದು ದೋಣಿಗೆ ಕೂರಿಸಿದರು. ಚಾಲಕನ ಸುತ್ತ ಗಟ್ಟಿ ಗೂಡು, ಮುಖಕ್ಕೆ ಉಸಿರಾಟದ ಗಾಳಿಯ ಮಾಸ್ಕ್, ದೋಣಿ ತಲೆಕೆಳಗಾದರೆ ಹೊರಬರಲು ತಳದಲ್ಲೊಂದು ಬಾಗಿಲು ಬಂದವು. ಎಂಜಿನ್ ಕೂಡ ಬದಲಾಯಿತು: ಮರ್ಲಿನ್‌ಗಳ ಜಾಗಕ್ಕೆ ಚಿನೂಕ್ ಹೆಲಿಕಾಪ್ಟರಿನ ಲೈಕಮಿಂಗ್ ಟಿ-55 ಟರ್ಬೈನ್ ಬಂದಿತು. ನಮ್ಮ ವಾಯುಪಡೆ 2019ರಲ್ಲಿ ಸೇರಿಸಿಕೊಂಡ ಚಿನೂಕ್‌ಗಳಲ್ಲಿರುವುದೂ ಅದೇ ಕುಲದ ಎಂಜಿನ್.

ಮನ್ಸಿಯ ತಂಡದ ಆಸನಕ್ಕೆ ಬಂದವನು ಚಿಪ್ ಹಾನೌರ್. 1982ರಿಂದ 1988ರವರೆಗೆ ಸತತ ಏಳು ಗೋಲ್ಡ್ ಕಪ್ ಗೆದ್ದು, ಒಟ್ಟು ಹನ್ನೊಂದಕ್ಕೆ ತಲುಪಿದ. ಓಟಗಳ ಲೆಕ್ಕದಲ್ಲಿ 61ಕ್ಕೆ, ಅಂದರೆ ಮನ್ಸಿಗಿಂತ ಒಂದು ಕಡಿಮೆಗೆ, ನಿಂತ. ಆ ಲೆಕ್ಕವನ್ನು ದಾಟಿದವನು ಡೇವ್ ವಿಲ್ವಾಕ್, 67 ಗೆಲುವುಗಳೊಂದಿಗೆ. 1997ರಲ್ಲಿ ಅವನ ದೋಣಿಯೂ ಕೊಲಂಬಿಯಾ ನದಿಯಲ್ಲಿ ಮಗುಚಿತು. ಕೈಗೆ ಭೀಕರ ಪೆಟ್ಟಾಗಿ ಎರಡು ಬೆರಳು ಹೋದವು, ಪ್ರಾಣ ಉಳಿಯಿತು. ಮರುವರ್ಷ ಅವನು ಮತ್ತೆ ಸ್ಟೀರಿಂಗ್ ಹಿಡಿದ.

“ಹಂಗಾರ ಎಲ್ಲಾರಿಗಿಂತ ದೊಡ್ಡಾಂವ ವಿಲ್ವಾಕ್ ಆದ್ನಲ್ಲ” ಎಂದ ಹುಡುಗ. ನಾನು ಒಪ್ಪಲಿಲ್ಲ. ಮುಚ್ಚಿದ ಗೂಡಿನಲ್ಲಿ ಗೆದ್ದ 67ಕ್ಕೂ ತೆರೆದ ಆಸನದಲ್ಲಿ ಗೆದ್ದ 62ಕ್ಕೂ ಒಂದೇ ತಕ್ಕಡಿ ಸಲ್ಲದು ಎಂದೆ. ಅದಕ್ಕೆ ಅವನು, “ಗೂಡು ಇದ್ರ ಮನ್ಸಿನೂ ಅದರಾಗ ಕುಂದರತಿದ್ದ ಕಾಕಾ. ಇಲ್ದಿದ್ದು ಅವನ ದೊಡ್ಡಸ್ತನ ಹೆಂಗ ಆಗ್ತೈತಿ?” ಎಂದು ಕೇಳಿ, ಚಹಾ ಕುಡಿದು ಹೋದ. ಅವನ ಮಾತಿನಲ್ಲಿ ಹುರುಳಿದೆ. ಆದರೂ ನನ್ನ ಪಟ್ಟಿಯಲ್ಲಿ ಮನ್ಸಿಯ ಹೆಸರೇ ಮೇಲಿದೆ.