ಕರೆಂಟ್ ಹೋದ ದಿನ ಬೇಸ್‌ಮೆಂಟಿನ ಮೀನುಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಮ್ಮ ಮಿಲ್ವಾಕಿಯಲ್ಲಿ ಶುಕ್ರವಾರ ಬಂತೆಂದರೆ ಊರಿಡೀ ಮೀನು ಕರಿಯುವ ವಾಸನೆ. ಚರ್ಚಿನ ಹಾಲ್, ಬಾರು, ಸಣ್ಣ ಹೋಟೆಲು, ಎಲ್ಲ ಕಡೆ ಫಿಶ್ ಫ್ರೈ. ಇಲ್ಲಿನ ಹಳಬರಿಗೆ ಅದು ಪರ್ಚ್ ಮೀನೇ ಆಗಬೇಕು, ನಮ್ಮ ಕುಂದಾಪುರದವರಿಗೆ ಕಾಣೆ ಮೀನು ಹೇಗೋ ಹಾಗೆ. ಹಳದಿ ಮೈ, ಬೆನ್ನಿನಿಂದ ಹೊಟ್ಟೆಗೆ ಇಳಿದ ಕಪ್ಪು ಪಟ್ಟೆಗಳು, ಹೊಟ್ಟೆಯ ಕಡೆ ಕಿತ್ತಳೆ ರೆಕ್ಕೆ. ಒಂದು ಕಾಲದಲ್ಲಿ ಮಿಶಿಗನ್ ಸರೋವರದಲ್ಲಿ ಬಲೆ ತುಂಬ ಸಿಗುತ್ತಿತ್ತಂತೆ. 1990ರ ದಶಕದಲ್ಲಿ ಸಂತತಿ ಎಷ್ಟು ಕುಸಿಯಿತೆಂದರೆ, ಸರೋವರದ ಈ ಭಾಗದಲ್ಲಿ ವ್ಯಾಪಾರಕ್ಕೆ ಪರ್ಚ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ಅದೇ ಮೀನನ್ನು ನಾವು ಬೇಸ್‌ಮೆಂಟಿನಲ್ಲಿ ಸಾಕುತ್ತೇವೆ. ಆಸೆ ಹುಟ್ಟಿಸಿದ್ದು ಇದೇ ಊರಿನ 'ಗ್ರೋಯಿಂಗ್ ಪವರ್' ಎಂಬ ತೋಟ. ಬಾಸ್ಕೆಟ್‌ಬಾಲ್ ಆಟಗಾರರಾಗಿದ್ದ ವಿಲ್ ಆಲೆನ್ ಕಟ್ಟಿದ್ದು. ಗಾಜಿನ ಮನೆಯೊಳಗೆ ಕೆಳಗೆ ಮೀನಿನ ತೊಟ್ಟಿ, ಮೇಲೆ ಸೊಪ್ಪಿನ ಸಾಲು. ತೊಟ್ಟಿಯ ನೀರು ಮೇಲಕ್ಕೆ ಹೋಗಿ, ಗಿಡದ ಬೇರು ದಾಟಿ, ಮತ್ತೆ ಮೀನಿಗೇ ಬರುತ್ತಿತ್ತು. ಆ ತೋಟ 2017ರಲ್ಲಿ ಮುಚ್ಚಿತು. ಅಷ್ಟು ಒಳ್ಳೆಯ ಕೆಲಸ ನಿಂತುಹೋಯಿತಲ್ಲ ಎಂದು ನನಗೆ ಇವತ್ತಿಗೂ ಬೇಜಾರಿದೆ.

ನಮ್ಮದು ಅದರ ಪುಟ್ಟ ರೂಪ. ಕಬ್ಬಿಣದ ಪಂಜರದೊಳಗೆ ಕೂತಿರುವ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ಅದರ ಮೇಲೆ ಸುಟ್ಟ ಮಣ್ಣಿನ ಉಂಡೆ ತುಂಬಿದ ಎರಡು ಮಡಿ. ಅದರಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್, ಲೆಟ್ಯೂಸ್. ಮೀನಿನ ಕಿವಿರಿನಿಂದ, ಹೇಲಿನಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಉಂಡೆಗಳಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ನೀರು ತಿಳಿಯಾಗಿ ಕೆಳಗಿಳಿಯುತ್ತದೆ. ಪಂಪ್ ಒಂದು ನಡೆಯುತ್ತಿದ್ದರೆ ಸಾಕು.

ಶುರು ಮಾಡುವಾಗ ಎಲ್ಲರೂ ತಿಲಾಪಿಯಾ ಸಾಕಿ ಅಂದರು. ಬೇಗ ಬೆಳೆಯುತ್ತೆ, ಏನು ಹಾಕಿದರೂ ತಿನ್ನುತ್ತೆ, ನಿಜ. ಆದರೆ ಅದು ಬಿಸಿಲು ನಾಡಿನ ಮೀನು. ನೀರು 10 ಡಿಗ್ರಿಗೆ ಇಳಿದರೆ ಸಾಯುತ್ತದೆ. ವಿಸ್ಕಾನ್ಸಿನ್ ಚಳಿಗಾಲದಲ್ಲಿ ಸಾವಿರ ಲೀಟರ್ ನೀರನ್ನು ದಿನವಿಡೀ ಬಿಸಿ ಮಾಡುತ್ತಾ ಕೂರುವುದು ಯಾರಿಗೆ ಬೇಕು? ಪರ್ಚ್ ಇಲ್ಲಿನದೇ. ಕೆರೆ ಮೇಲೆ ಹೆಪ್ಪುಗಟ್ಟಿದಾಗ ಅಡಿಯ 4 ಡಿಗ್ರಿ ನೀರಿನಲ್ಲೂ ಆರಾಮಾಗಿ ಓಡಾಡಿಕೊಂಡಿರುತ್ತದೆ. ತಟ್ಟೆಗೆ ಬರುವಷ್ಟು ದೊಡ್ಡದಾಗಲು ವರ್ಷದ ಮೇಲೆ ಬೇಕು, ಅಷ್ಟೇ. ಪರವಾಗಿಲ್ಲ, ನಮಗೇನೂ ಅವಸರವಿಲ್ಲ. ಲೈಸೆನ್ಸ್ ಇರುವ ಮೀನುಮರಿ ಕೇಂದ್ರದಿಂದ ಮರಿ ತಂದು ಬಿಟ್ಟೆವು.

2019ರ ಜನವರಿ ಕೊನೆಗೆ ಉತ್ತರ ಧ್ರುವದ ಗಾಳಿ ನೇರ ನಮ್ಮ ಮೇಲೆ ಇಳಿಯಿತು. 30ನೇ ತಾರೀಕು ಹೊರಗೆ ಮೈನಸ್ 30ರ ಹತ್ತಿರ. ಶಾಲೆಗೆ ರಜೆ. ಅಂಚೆ ಬಟವಾಡೆಯನ್ನೂ ನಿಲ್ಲಿಸಿದ್ದರು. ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಗರಿಗರಿ ಆಗುವಂಥ ಚಳಿ. ಬೆಳಿಗ್ಗೆ ತಿಂಡಿ ಹೊತ್ತಿಗೆ ನಮ್ಮ ಬೀದಿಯ ಕರೆಂಟ್ ಹೋಯಿತು.

ಇಲ್ಲಿ ಮನೆ ಬೆಚ್ಚಗಿಡುವುದು ಗ್ಯಾಸ್ ಹೀಟರ್. ಆದರೆ ಬಿಸಿಗಾಳಿ ತಳ್ಳುವ ಫ್ಯಾನ್‌ಗೆ ಕರೆಂಟ್ ಬೇಕು. ಹಾಗಾಗಿ ಮನೆಯೂ ತಣ್ಣಗಾಗತೊಡಗಿತು. ಇವರು ನಲ್ಲಿ ಪೈಪು ಒಡೆಯದಿರಲೆಂದು ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು, ನೀರು ತೊಟ್ಟಿಕ್ಕುವಂತೆ ಬಿಟ್ಟರು. ನಾನು ಟಾರ್ಚ್ ಹಿಡಿದು ಕೆಳಗಿಳಿದೆ. ಅಲ್ಲಿ ಸದ್ದೇ ಇರಲಿಲ್ಲ. ದಿನವಿಡೀ ಪಂಪಿನ ಗುಂಯ್ ಅನ್ನುವ ಸದ್ದು ಕೇಳಿ ಅಭ್ಯಾಸವಾದ ಕಿವಿಗೆ ಅದು ತುಂಬಾ ಹೆದರಿಕೆ ಹುಟ್ಟಿಸುತ್ತದೆ.

ವಾಟ್ಸಾಪ್‌ನಲ್ಲಿ ಅಮ್ಮ ಸಿಕ್ಕಿದರು. "ಮೊದಲು ನೀವು ಬೆಚ್ಚಗಿರಿ ಮಾರಾಯ್ತಿ, ಮೀನು ಆಮೇಲೆ" ಅಂದರು.

ನೀರು ಮುಟ್ಟಿ ನೋಡಿದೆ. ಥರ್ಮಾಮೀಟರ್ 16 ತೋರಿಸುತ್ತಿತ್ತು. ಚಳಿಯ ಬಗ್ಗೆ ನನಗೆ ಅಷ್ಟು ಚಿಂತೆ ಇರಲಿಲ್ಲ. ಸಾವಿರ ಲೀಟರ್ ನೀರು ಒಂದೇ ಒಂದು ಡಿಗ್ರಿ ಇಳಿಯಬೇಕಾದರೂ ಒಂದು ಯೂನಿಟ್ ಕರೆಂಟಿಗಿಂತ ಜಾಸ್ತಿ ಶಾಖ ಕಳೆದುಕೊಳ್ಳಬೇಕು. ಬೇಸ್‌ಮೆಂಟಿನ ಸುತ್ತ ಮಣ್ಣಿದೆ. ನೀರು ನಿಧಾನವಾಗಿಯೇ ತಣ್ಣಗಾಗುತ್ತದೆ. ಚಿಂತೆ ಇದ್ದದ್ದು ಉಸಿರಿನದ್ದು. ಕೆರೆಯಲ್ಲಿ ನಾಲ್ಕು ಮೀನು ಇರುವ ಜಾಗದಲ್ಲಿ ನಮ್ಮಲ್ಲಿ ಒಂದು ಹಿಂಡೇ ಇದೆ. ನೀರು ಕುಣಿಯುವುದು ನಿಂತರೆ ಅದರಲ್ಲಿನ ಆಮ್ಲಜನಕ ಗಂಟೆಗಳಲ್ಲಿ ಮುಗಿಯುತ್ತದೆ.

ಟಾರ್ಚ್ ಬೆಳಕಿಗೆ ಒಂದು ಪರ್ಚ್ ಹತ್ತಿರ ಬಂದು ನಿಂತಿತು. ಕಿವಿರಿನ ಮುಚ್ಚಳ ತೆರೆದು ಮುಚ್ಚುವುದನ್ನೇ ನೋಡಿದೆ. ಒಳಗಿನ ಕೆಂಪು ಎಳೆಗಳು ಕಾಣುವಷ್ಟು ಅಗಲಕ್ಕೆ ತೆರೆಯುತ್ತಿತ್ತು, ಎಂದಿಗಿಂತ ಬೇಗ ಬೇಗ. ಬಾಯಿ ತೆರೆದುಕೊಂಡು ನೀರಿನ ಮೇಲಕ್ಕೆ ಬಂದಿರಲಿಲ್ಲ. ಅಲ್ಲಿಗೆ ಬಂದರೆ ಪರಿಸ್ಥಿತಿ ಕೈಮೀರಿದೆ ಅಂತಲೇ ಲೆಕ್ಕ.

ಬೆಳಗಿನ ಆಹಾರ ಹಾಕಲಿಲ್ಲ. ಹೊಟ್ಟೆಗೆ ಬಿದ್ದದ್ದನ್ನು ಅರಗಿಸಲೂ ಮೀನಿಗೆ ಆಮ್ಲಜನಕ ಬೇಕು, ಜೊತೆಗೆ ಅಮೋನಿಯಾವೂ ಹೆಚ್ಚುತ್ತದೆ. ಪರ್ಚ್ ಒಂದೆರಡು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಚೊಂಬಿನಲ್ಲಿ ನೀರು ಮೊಗೆದು, ಭುಜದೆತ್ತರದಿಂದ ಮಡಿಯ ಮೇಲೆ ಸುರಿಯತೊಡಗಿದೆ. ಬೀಳುವಾಗ ನೀರು ಗಾಳಿ ಎಳೆದುಕೊಳ್ಳುತ್ತದೆ. ಉಂಡೆಗಳೂ ಒದ್ದೆಯಾಗಿರುತ್ತವೆ, ಬ್ಯಾಕ್ಟೀರಿಯಾ ಒಣಗಿ ಸಾಯುವುದಿಲ್ಲ. ನಾನು, ಮಗಳು, ಇವರು, ಸರದಿ ಪ್ರಕಾರ ಸುರಿದೆವು. ಕೈಗವಸು ಒದ್ದೆಯಾಗಿ ಬೆರಳು ಮರಗಟ್ಟಿದವು. "ಅಮ್ಮಾ, ಇನ್ನೂ ಎಷ್ಟು ಹೊತ್ತು?" ಅಂತ ಕೇಳುತ್ತಲೇ ಮಗಳು ಚೊಂಬು ಬಿಡಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜ ನಮ್ಮನ್ನು ವಿಚಾರಿಸಲು ಬಂದರು. ಐಸ್ ಕೊರೆದು ಗಾಳ ಹಾಕುವವರು ಅವರು. ಕೆಳಗಿಳಿದು ಒಂದೇ ಸಲ ನೋಡಿದ್ದು. ಮಾತಾಡದೆ ಮನೆಗೆ ಹೋಗಿ, ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನುಗಳನ್ನು ಬಕೆಟ್‌ನಲ್ಲಿ ಜೀವಂತ ಇಡಲು ಬಳಸುವ ಬ್ಯಾಟರಿ ಏರ್ ಪಂಪ್ ತಂದರು. ದಪ್ಪ ಟಾರ್ಚ್ ಸೆಲ್ಲಿನಲ್ಲಿ ನಡೆಯುವ, ಮುಷ್ಟಿಯಷ್ಟೇ ದೊಡ್ಡ ಸಾಧನ. ಎರಡಿತ್ತು, ಎರಡನ್ನೂ ಕೊಟ್ಟರು. ಅದರ ಕೊಳವೆಯ ತುದಿಯಲ್ಲಿರುವ ಸಣ್ಣ ತೂತುಗಳ ಕಲ್ಲಿನಿಂದ ಗುಳ್ಳೆ ಏಳತೊಡಗಿದಾಗ ಮೀನುಗಳು ನಿಧಾನವಾಗಿ ಅದರ ಸುತ್ತ ಸೇರಿದವು.

ಅಜ್ಜ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದರು. ಇಲ್ಲಿನ ಆಳವಿಲ್ಲದ ಕೆರೆಗಳಲ್ಲಿ ಕೆಲವು ವರ್ಷ ಚಳಿಗಾಲದಲ್ಲೇ ಮೀನು ಸತ್ತು, ಐಸ್ ಕರಗಿದಾಗ ದಂಡೆ ತುಂಬ ತೇಲುತ್ತವಂತೆ. ಐಸ್ ಮೇಲೆ ಹಿಮ ದಪ್ಪಗೆ ಕೂತರೆ ಬೆಳಕು ಒಳಗೆ ಹೋಗುವುದಿಲ್ಲ. ನೀರಿನ ಗಿಡಗಳು ಆಮ್ಲಜನಕ ಬಿಡುವುದು ನಿಲ್ಲುತ್ತದೆ. ಕೊಳೆಯುವ ಎಲೆ, ಕೆಸರು ಇದ್ದದ್ದನ್ನೂ ತಿಂದು ಮುಗಿಸುತ್ತದೆ. ಅದಕ್ಕೇ ಕೆಲವು ಕೆರೆಗಳಿಗೆ ಚಳಿಗಾಲವಿಡೀ ಗಾಳಿ ಹಾಯಿಸುತ್ತಾರೆ, ಪಕ್ಕದಲ್ಲಿ 'ಐಸ್ ತೆಳುವಾಗಿದೆ, ಹತ್ತಿರ ಬರಬೇಡಿ' ಎಂಬ ಬೋರ್ಡ್. ಆ ಬೋರ್ಡುಗಳನ್ನು ನಾನು ಎಷ್ಟೋ ಸಲ ನೋಡಿದ್ದೆ, ಮೀನಿಗಾಗಿ ಅಂತ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಆ ದಿನ ಚಳಿ ನಮ್ಮ ಕಡೆಗೇ ಇತ್ತು. 30 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತದೆ. 10 ಡಿಗ್ರಿಯಲ್ಲಿ 11 ಮಿಲಿಗ್ರಾಂ ದಾಟುತ್ತದೆ. ಮೀನಿನ ಮೈಯೂ ತಣ್ಣಗಾದಷ್ಟು ಕಡಿಮೆ ಉಸಿರು ಕೇಳುತ್ತದೆ. ಅಮೋನಿಯಾದ ವಿಷವೂ ತಣ್ಣೀರಿನಲ್ಲಿ ಕಡಿಮೆ. ಇದೇ ಕರೆಂಟ್ ಜುಲೈನಲ್ಲಿ ಅಷ್ಟು ಹೊತ್ತು ಹೋಗಿದ್ದರೆ ಅವು ಉಳಿಯುತ್ತಿದ್ದವೋ ಇಲ್ಲವೋ.

ಕತ್ತಲಾದ ಮೇಲೆ ಕರೆಂಟ್ ಬಂತು. ನೀರು 14 ಡಿಗ್ರಿಯಲ್ಲಿತ್ತು. ಒಂದು ಮೀನೂ ಸಾಯಲಿಲ್ಲ. ಮರುದಿನ ಟೆಸ್ಟ್ ಟ್ಯೂಬಿನಲ್ಲಿ ಅಮೋನಿಯಾ ಹಳದಿಯಿಂದ ತಿಳಿ ಹಸಿರಿಗೆ ತಿರುಗಿತ್ತು, ಅಂದರೆ ಸ್ವಲ್ಪ ಏರಿತ್ತು. ಸ್ವಲ್ಪ ನೀರು ಬದಲಾಯಿಸಿದೆವು. ಮಿಲ್ವಾಕಿಯ ನಲ್ಲಿ ನೀರಿನಲ್ಲಿ ಕ್ರಿಮಿ ಕೊಲ್ಲಲು ಬೆರೆಸುವ ಕ್ಲೋರಮಿನ್ ಇದೆ, ಮೀನಿಗೆ ಅದು ವಿಷ. ಅದು ಬಕೆಟ್‌ನಲ್ಲಿ ರಾತ್ರಿಯಿಡೀ ಇಟ್ಟ ಮಾತ್ರಕ್ಕೆ ಹಾರಿಹೋಗುವಂಥದ್ದಲ್ಲ, ಅದನ್ನು ಕಳೆಯುವ ಔಷಧಿ ಹಾಕಿಯೇ ನೀರನ್ನು ಟ್ಯಾಂಕಿಗೆ ಬಿಡಬೇಕು. ಟ್ಯೂಬಿನ ಬಣ್ಣ ಮತ್ತೆ ಹಳದಿಯಾದ ಮೇಲೆ ಒಂದು ಚಿಟಿಕೆ ಆಹಾರ ಹಾಕಿದೆ. ಎಲ್ಲವೂ ಒಟ್ಟಿಗೆ ಮೇಲೆದ್ದವು.

ಅಜ್ಜನ ಪಂಪುಗಳನ್ನು ಹೊಸ ಸೆಲ್ ಹಾಕಿ ಹಿಂದಿರುಗಿಸಿದೆವು. ಬೇಸಿಗೆಯಲ್ಲಿ ಮೊದಲ ಮೀನು ಹಿಡಿದಾಗ ಅರ್ಧ ಅವರ ಮನೆಗೆ ಹೋಯಿತು, ಅರ್ಧ ನಮ್ಮ ಕಾವಲಿಗೆ, ರವೆ ಹಚ್ಚಿಕೊಂಡು. ಈಗ ನಮ್ಮದೇ 12 ವೋಲ್ಟಿನ ಬ್ಯಾಟರಿ, ಏರ್ ಪಂಪ್ ಇದೆ. ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುತ್ತದೆ. ನವೆಂಬರ್ ಬಂದಾಗ ಮೇನ್ ಸ್ವಿಚ್ ಆರಿಸಿ ಅದನ್ನು ಪರೀಕ್ಷಿಸಬೇಕು. ಆ ಕೆಲಸ ಮಗಳದ್ದು.